ಮಾಸ್ತರರು ಇಲ್ಲ ಅಂದದ್ದು

ಬೆಕ್ಕು ನೀರು ಕುಡಿಯುವುದನ್ನು ನೀವೂ ನೋಡಿರುತ್ತೀರಿ. ನಮಗೇನೋ ಉಪಕಾರ ಮಾಡಿದಂತೆ ನಾಲ್ಕು ಸಲ ನಾಲಿಗೆ ಅದ್ದಿ, ಮೀಸೆ ಒರೆಸಿಕೊಂಡು ಎದ್ದು ಹೋಗುತ್ತದೆ. ಆದರೆ ಸುಹಾಸಿನಿಬಾಯಿಯ ಚಂದ್ರಿ ಆ ವಾರ ಬಚ್ಚಲಮನೆಯ ಬಕೀಟಿನ ಅಂಚಿಗೆ ಮುಂಗಾಲು ಊರಿ, ಬಿಸಿಲಲ್ಲಿ ಹತ್ತು ಮೈಲು ನಡೆದು ಬಂದವರ ಹಾಗೆ ನೀರು ಕುಡಿಯತೊಡಗಿತ್ತು.

“ಏನ್ರಿ, ಮುಂಜಾನಿಂದ ಇದು ಐದನೇ ಸಲ,” ಎಂದರು ಸುಹಾಸಿನಿಬಾಯಿ.

“ಬ್ಯಾಸಗಿ,” ಎಂದರು ಪೇಪರಿನ ಹಿಂದಿನಿಂದ ಅವರ ಯಜಮಾನರು, ರಮಾಕಾಂತ ಮಾಸ್ತರರು.

“ಬ್ಯಾಸಗಿ ನಮಗೂ ಅದ. ನಾವೇನು ಬಕೀಟು ಖಾಲಿ ಮಾಡ್ಲಿಕತ್ತೇವೇನು?”

ಮಾಸ್ತರರು ಪೇಪರಿನ ಪುಟ ತಿರುವಿದರು. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಭೂಗೋಳ ಕಲಿಸುತ್ತಿದ್ದ ಮನುಷ್ಯ. ಗೊತ್ತಿಲ್ಲದ್ದನ್ನು ಹುಡುಗರು ಕೇಳಿದರೆ, “ನನಗ ಗೊತ್ತಿಲ್ಲಪಾ, ನಾಳೆ ನೋಡ್ಕೊಂಡು ಬಂದು ಹೇಳ್ತೇನಿ,” ಎಂದು ತುಂಬಿದ ವರ್ಗದಲ್ಲಿ ಒಪ್ಪಿಕೊಂಡುಬಿಡುವರು. ಮರುದಿನ ತಪ್ಪದೆ ಹೇಳುವರು ಕೂಡ. ಹೀಗಾಗಿ ಅವರ ಕೈಯಲ್ಲಿ ಕಲಿತವರಿಗೆಲ್ಲ “ರಮಾಕಾಂತ ಸರ್ ಹೇಳ್ಯಾರ” ಅಂದರೆ ಮುಗಿಯಿತು, ಅದರ ಮುಂದೆ ವಾದ ಇಲ್ಲ.

ಅಂಥವರ ಮನೆಯಲ್ಲೂ ಆಡದ ಮಾತು ಒಂದಿತ್ತು. ಸುಹಾಸಿನಿಬಾಯಿಗೆ ಎಂಟು ವರ್ಷದಿಂದ ಎರಡೂ ತೋಳಿಗೆ ಸೋರಿಯಾಸಿಸ್. ಮೊಳಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಪಟ್ಟೆ, ಅದರ ಮೇಲೆ ಬೆಳ್ಳಗೆ ಹೊಟ್ಟು ಏಳುವುದು. ಅದರ ಹೆಸರನ್ನು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. “ಅದು ಹೆಚ್ಚಾಗ್ಯದೇನು?” “ಅದಕ್ಕ ಹಚ್ಚಿದಿಯೇನು?” ಎಂದು ಮಗಳು ಕೇಳುವಳು, ಅಷ್ಟೇ. ಮೇ ತಿಂಗಳಲ್ಲೂ ಬಾಯಿಯವರದು ಉದ್ದ ತೋಳಿನ ರವಿಕೆ. ಒಂದು ವರ್ಷ ಚೈತ್ರಗೌರಿಯ ಅರಿಶಿನ ಕುಂಕುಮಕ್ಕೆ ಹೋದಾಗ, ಆ ಮನೆಯಾಕೆ ಎಲ್ಲರ ಕೈಗೂ ಅರಿಶಿನ ಸವರುತ್ತ ಬಂದು, ಇವರ ಮುಂದೆ ಬಟ್ಟಲು ಹಿಡಿದು, “ನೀವ ಹಚ್ಕೊಳ್ರಿ,” ಎಂದು ನಕ್ಕಿದ್ದಳು. ಸುಹಾಸಿನಿಬಾಯಿಯೂ ನಕ್ಕು ಹಚ್ಚಿಕೊಂಡು ಬಂದರು. ಆಮೇಲೆ ಯಾರ ಮನೆಗೂ ಹೋಗಲಿಲ್ಲ. ಸುಮಾರು ಅದೇ ಹೊತ್ತಿಗೆ ಮಾಸ್ತರರು, ಒಳಗೆ ಗಾಳಿ ಸಾಲದು ಎಂದು, ತಮ್ಮ ಹಾಸಿಗೆಯನ್ನು ಪಡಸಾಲೆಗೆ ತಂದುಕೊಂಡಿದ್ದರು. ಗಾಳಿಯ ವಿಷಯ ಸುಳ್ಳೇನಲ್ಲ. ಆದರೆ ಚಳಿಗಾಲ ಬಂದರೂ ಹಾಸಿಗೆ ಒಳಗೆ ಹೋಗಲಿಲ್ಲ.

ಚಂದ್ರಿಗೆ ಮಾತ್ರ ಇದು ಯಾವುದೂ ಇರಲಿಲ್ಲ. ಮೂರು ವರ್ಷದ ಹಿಂದೆ ಕೆಲಗೇರಿಯ ಅವರ ಮನೆಯ ಹಿತ್ತಲಿಗೆ ತಾನಾಗಿಯೇ ಬಂದು ಸೇರಿದ ಬೂದು ಬಣ್ಣದ ಹೆಣ್ಣು ಬೆಕ್ಕು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಸುಹಾಸಿನಿಬಾಯಿ ಹಿತ್ತಲ ಮೆಟ್ಟಿಲ ಮೇಲೆ ಕೂತು, ತೋಳು ಮಡಿಚಿ, ಟ್ಯೂಬಿನ ಮುಲಾಮು ಸವರಿಕೊಳ್ಳುವರು. ಹಿಂದಿನ ತಿಂಗಳಷ್ಟೇ ಹುಬ್ಬಳ್ಳಿಯ ಚರ್ಮದ ಡಾಕ್ಟರು ಹೊಸ ಮುಲಾಮು ಕೊಟ್ಟಿದ್ದರು. ಚಂದ್ರಿ ಬಂದು ತೊಡೆ ಏರಿ, ಮೊಳಕೈಯಿಂದ ಶುರುಮಾಡಿ ಮಣಿಕಟ್ಟಿನ ತನಕ ನೆಕ್ಕುವುದು. ತನ್ನ ಮರಿಯನ್ನು ನೆಕ್ಕಿದ ಹಾಗೆ, ಕಣ್ಣು ಮುಚ್ಚಿಕೊಂಡು, ನಿಧಾನಕ್ಕೆ.

“ಇದರ ನಾಲಿಗಿ ಖರಖರಾ ಅಂತದ ನೋಡು, ತುರಿಕಿ ನಿಂತ ಬಿಡ್ತದ,” ಎಂದು ಮಗಳು ಋತುಜಾಗೆ ಹೇಳುತ್ತಿದ್ದರು. ಮಾಸ್ತರರು ಒಂದೆರಡು ಸಲ ಬಾಗಿಲವರೆಗೆ ಬಂದು, ಅದನ್ನು ನೋಡಿ, ಹಾಗೇ ತಿರುಗಿ ಹೋಗಿದ್ದರು.

ಮಂಗಳವಾರ ಚಂದ್ರಿ ಮೊಸರನ್ನ ಮೂಸಿ ಬಿಟ್ಟಿತು. ಬುಧವಾರ ಮುಂಜಾನೆ ಎರಡು ಸಲ ವಾಂತಿ ಮಾಡಿ, ಅಕ್ಕಿ ಡಬ್ಬಿಯ ಹಿಂದೆ ಹೋಗಿ ಮಲಗಿತು.

“ಅಪ್ಪಾ, ಹುಬ್ಬಳ್ಳಿ ಗಬ್ಬೂರ ಕಡೆ ನಿಮ್ಮ ಸ್ಟೂಡೆಂಟ್ ವಿನೀತ ಬೆಕ್ಕು-ನಾಯಿ ದವಾಖಾನಿ ತಗದಾನಲ್ಲ, ರಕ್ತಾ ನೋಡೋ ಮಷೀನೂ ಅದ ಅಂತ, ಅಲ್ಲಿ ಒಯ್ಯರಿ,” ಎಂದಳು ಋತುಜಾ. ಅವಳಿಗೆ ಕಾಲೇಜಿನಲ್ಲಿ ಪಾಠ ಮಾಡುವುದಿತ್ತು. ಸುಹಾಸಿನಿಬಾಯಿ ನಾಲ್ಕು ಮಂದಿ ಇರುವಲ್ಲಿಗೆ ಹೋಗುವವರಲ್ಲ. ಹೀಗಾಗಿ ಮಾಸ್ತರರೇ ಹೊರಟರು, ಓಣಿಯ ಯಜ್ಞೇಶ್ವರರಾಯರ ಕಾರಿನಲ್ಲಿ.

ಯಜ್ಞೇಶ್ವರರಾಯರಿಗೆ ಕಾರು ಎಂದರೆ ಮಾತಾಡಲು ಒಂದು ಜಾಗ. ನವಲೂರು ದಾಟುವುದರೊಳಗೆ ಮೂರು ಮನೆತನದ ಸುದ್ದಿ ಮುಗಿಸಿದರು. ಋತುಜಾಗೆ ಹುಬ್ಬಳ್ಳಿಯ ವರ ನೋಡಿದವರೂ ಅವರೇ. ಹುಡುಗ ಮಿಲಿಂದ, ರೇಲ್ವೆಯಲ್ಲಿ ಇಂಜಿನಿಯರು. ಬರುವ ರವಿವಾರ ಹೆಣ್ಣು ನೋಡಲು ಬರುವುದಿತ್ತು.

“ಮಂದಿ ಭಾಳ ಸಾಧಾ ಇದ್ದಾರ ಮಾಸ್ತರ. ಅವರ ತಾಯಿ ಒಂದ ಕೇಳ್ಯಾರ, ಮನತನ ನೆಟ್ಟಗಿರಬೇಕು ಅಂತ. ನಾ ಹೇಳೇನಿ, ರಮಾಕಾಂತ ಮಾಸ್ತರ ಮನಿ ಅಂದ್ರ ತೊಳದ ಇಟ್ಟ ತಂಬಗಿ ಇದ್ದಂಗ ಅದ ಅಂತ!”

ಮಾಸ್ತರರು ತೊಡೆಯ ಮೇಲಿನ ಬುಟ್ಟಿಯ ಮುಚ್ಚಳ ಸರಿಪಡಿಸಿದರು. ಮನೆತನ ಅಂದಾಗೆಲ್ಲ ಅವರ ಕಣ್ಣಮುಂದೆ ಆ ಎರಡು ತೋಳು ಬರುತ್ತಿದ್ದವು. ತಾಯಿಗಿದ್ದದ್ದು ನಾಳೆ ಮಗಳಿಗೆ ಬಂದರೆ ಎಂದು ಯಾರಾದರೂ ಕೇಳಿದರೆ?

ವಿನೀತ ಬಾಗಿಲಿಗೇ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮೂವತ್ತೈದರ ಪ್ರಾಯ, ಆದರೆ ಸರ್ ಎದುರು ನಿಂತಾಗ ಎರಡೂ ಕೈ ಹಿಂದೆ ಕಟ್ಟಿಕೊಂಡು ಒಂಬತ್ತನೇ ಇಯತ್ತೆಯ ಹುಡುಗನೇ ಆದ. ಅವನ ದವಾಖಾನೆಯಲ್ಲಿ ಕೆಲಸಕ್ಕಿದ್ದ ಮಾಬೂಬಿ ಚಂದ್ರಿಯನ್ನು ಬುಟ್ಟಿಯಿಂದ ಎತ್ತಿಕೊಂಡು, “ಮಾಸ್ತರ ಮನಿ ಬೆಕ್ಕರಿ ಇದು, ಸೂಜಿ ಚುಚ್ಚಿದ್ರೂ ಗದ್ದಲಾ ಮಾಡವಲ್ದು!” ಎಂದಳು. ರಕ್ತ ತೆಗೆದರು. ಮಷೀನಿನಿಂದ ಚೀಟಿ ಬರಲು ಅರ್ಧ ತಾಸು ಹಿಡಿಯಿತು.

“ಸರ್, ಇದರ ರಕ್ತದಾಗ ಕ್ಯಾಲ್ಸಿಯಂ ಭಾಳ ಏರೇದ. ಹನ್ನೊಂದು ದಾಟಬಾರದು. ಹದಿನಾಲ್ಕೂವರಿ ಅದ.”

“ಕ್ಯಾಲ್ಸಿಯಂ ಏರಿದ್ರ ಛಲೋನ ಅಲ್ಲೇನಪಾ?” ಯಜ್ಞೇಶ್ವರರಾಯರು ನಡುವೆ ಬಾಯಿ ಹಾಕಿದರು. “ನಮ್ಮನಿಯಾಕಿಗೆ ಅದು ಕಡಿಮಿ ಅಂತ ದಿನಾ ಗುಳಿಗಿ ನುಂಗಸ್ತೇವಿ.”

“ಎಲುಬಿನಾಗ ಇದ್ರ ಛಲೋ ಕಾಕಾ. ರಕ್ತದಾಗ ಹಿಂಗ ಏರಿದ್ರ ಕಿಡ್ನಿ ಕೆಡಸ್ತದ. ನೀರಡಿಕಿ ಅದಕ್ಕ, ಊಟಾ ಬಿಟ್ಟಿದ್ದೂ ಅದಕ್ಕ. ಸಲಾಯಿನ್ ಹಚ್ಚಿ ಇಳಸಬಹುದು. ಆದ್ರ ಯಾಕ ಏರ್ತು ಅನ್ನೋದು ಗೊತ್ತಾಗಬೇಕು. ಇಲ್ಲಾಂದ್ರ ಮತ್ತ ಏರ್ತದ.”

ವಿನೀತ ಒಂದು ಕಾಗದದ ಮೇಲೆ ಸಾಲಾಗಿ ಬರೆದುಕೊಂಡು ಒಂದೊಂದೇ ಕೇಳಿದ. ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದಾರೇನು? ಇಲ್ಲ. ಹಾಲಿಗೆ ಹಾಕಿಕೊಂಡು ಕುಡಿಯುವ ವಿಟಮಿನ್ ಡಿ ಪುಡಿ ಏನಾದರೂ? ಇಲ್ಲ.

“ಮತ್ತ ಯಾರರೆ ಸೋರಿಯಾಸಿಸ್ ಮುಲಾಮು ಹಚ್ಚಿಕೊಳ್ತಾರೇನ್ರಿ ಸರ್? ಕೆಲವೊಂದು ಟ್ಯೂಬಿನಾಗ ವಿಟಮಿನ್ ಡಿ ಥರದ್ದ ಔಷಧ ಇರ್ತದ. ಮೈ ನೆಕ್ಕಿದ್ರ ಸಾಕು, ಬೆಕ್ಕಿಗೆ ವಿಷ.”

ಯಜ್ಞೇಶ್ವರರಾಯರು ಪಕ್ಕದ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದರು.

“ಇಲ್ಲ,” ಎಂದರು ರಮಾಕಾಂತ ಮಾಸ್ತರರು.

ಯೋಚಿಸಿ ಆಡಿದ ಮಾತಲ್ಲ. ಎಂಟು ವರ್ಷದಿಂದ ತುಟಿಯ ಹಿಂದೆ ಸಿದ್ಧವಾಗಿ ಕೂತಿದ್ದ ಶಬ್ದ, ಯಾರು ಕೇಳಿದರೂ ಅದೇ ಹೊರಗೆ ಬೀಳುತ್ತಿತ್ತು. ವಿನೀತ ತಲೆಯಾಡಿಸಿ ಆ ಸಾಲಿನ ಮೇಲೆ ಗೆರೆ ಎಳೆದ.

“ಹಂಗಾದ್ರ ಒಳಗ ಏನರೆ ಗಡ್ಡಿ-ಗಿಡ್ಡಿ ಆಗಿ ಏರೇದೇನು ನೋಡಬೇಕಾಗ್ತದ, ಸರ್. ಎರಡು ದಿನಾ ಇಲ್ಲೇ ಇರಲಿ.”

ವಾಪಸು ಬರುವಾಗ ಯಜ್ಞೇಶ್ವರರಾಯರು ರವಿವಾರದ ಫಳಾರಕ್ಕೆ ಏನು ಮಾಡಿಸಬೇಕು ಎಂದು ಹೇಳುತ್ತಿದ್ದರು. ಮಾಸ್ತರರಿಗೆ ಕೇಳಿಸುತ್ತಿರಲಿಲ್ಲ. ನಾಳೆ ಸಾಲಿಯಿಂದ ಒಬ್ಬನೇ ಫೋನ್ ಮಾಡಿ ಹೇಳಿಬಿಟ್ಟರಾಯಿತು. ‘ಮರೆತಿದ್ದೆನಪ್ಪಾ’ ಎಂದರಾಯಿತು. ಹೆಂಗೂ ಬೆಕ್ಕು ಅಲ್ಲೇ ಇದೆ, ಈಗಂತೂ ನೆಕ್ಕುವುದಿಲ್ಲ. ಹೀಗೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಗುರುವಾರ ಫೋನ್ ಕೈಗೆತ್ತಿಕೊಂಡರು, ಸ್ಟಾಫ್ ರೂಮಿನಲ್ಲಿ ಮಂದಿ ಇದ್ದರು. ಶುಕ್ರವಾರ ವಿನೀತನೇ ಮಾಡಿದ.

“ಸರ್, ಹನ್ನೆರಡಕ್ಕ ಇಳದದ! ಸ್ಕ್ಯಾನಿನಾಗ ಗಡ್ಡಿ ಏನೂ ಕಾಣವಲ್ದು. ಮುಂಜಾನಿ ಸ್ವಲ್ಪ ಊಟಾನೂ ಮಾಡ್ತು. ಒಯ್ದು ಮನ್ಯಾಗ ಇಟ್ಕೊಳ್ರಿ, ಸೋಮವಾರ ಮತ್ತ ರಕ್ತಾ ನೋಡೂಣು.”

ಆ ಸಂತೋಷದಲ್ಲಿ ಮಾಸ್ತರರು, “ಛಲೋ ಆತಪಾ,” ಎಂದಷ್ಟೇ ಹೇಳಿ, ಬುಟ್ಟಿ ಹಿಡಿದು ಹೊರಟರು.

ಸಂಜೆ ಚಂದ್ರಿ ಬುಟ್ಟಿಯಿಂದ ಇಳಿದು, ಮನೆಯೆಲ್ಲ ಒಂದು ಸುತ್ತು ಮೂಸಿ, ನೇರ ಹಿತ್ತಲ ಮೆಟ್ಟಿಲಿಗೆ ಹೋಯಿತು. ಅಲ್ಲಿ ಸುಹಾಸಿನಿಬಾಯಿ ಆಗಷ್ಟೇ ಟ್ಯೂಬಿನ ಮುಚ್ಚಳ ಹಾಕಿದ್ದರು. “ಬಂದಿಯಾ ಬಾಳಾ? ಸೊರಗೀಯಲ್ಲ!” ಎಂದು ಎತ್ತಿಕೊಂಡರು. ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ಚಂದ್ರಿ ಮೊಳಕೈಗೆ ಬಾಯಿ ಹಾಕಿತು.

“ಅದಕ್ಕ ನೆಕ್ಕಲಿಕ್ಕೆ ಬಿಡಬ್ಯಾಡ,” ಎಂದರು.

ಸುಹಾಸಿನಿಬಾಯಿ ತಿರುಗಿ ನೋಡಿದರು. ಎಂಟು ವರ್ಷದಲ್ಲಿ ಗಂಡ ಆ ತೋಳಿನ ಬಗ್ಗೆ ನೇರವಾಗಿ ಆಡಿದ ಮೊದಲ ಮಾತು ಅದು.

“ಯಾಕ್ರಿ? ನಿಮಗ ಹೇಸಿಕಿ ಆಗ್ತದೇನು?”

“ಹಂಗಲ್ಲ...”

“ನೀವು ಒಳಗ ಬಂದು ಮಲಗಬ್ಯಾಡ್ರಿ, ನಾ ಏನೂ ಅಂದಿಲ್ಲ. ನನ್ನ ತಾಟು ಬ್ಯಾರೆ ಇಟ್ಟುಕೊಂಡೇನಿ, ಯಾರೂ ಹೇಳೋಕಿಂತ ಮೊದಲ. ನನ್ನ ಮುಟ್ಟೋದು ಈ ಜಗತ್ತಿನಾಗ ಇದೊಂದ. ಇದಕ್ಕೂ ಬ್ಯಾಡ ಅಂತ ಹೇಳ್ತೀರೇನು?”

ಸಿಟ್ಟಿನಿಂದಲ್ಲ, ಏನೋ ವಿಚಾರಿಸುವವರ ಹಾಗೆ ಕೇಳಿದರು. ಅದೇ ಮಾಸ್ತರರನ್ನು ಕೊಂದಿತು. ಆಗ ಹೇಳಬೇಕಾದದ್ದು ಒಂದೇ ಮಾತು: ಆ ಮುಲಾಮು ಅದಕ್ಕೆ ವಿಷ. ಆದರೆ ಆ ಮಾತು ಹೇಳಿದರೆ, ನಿನ್ನನ್ನು ಮುಟ್ಟುವ ಒಂದೇ ಒಂದು ಜೀವಕ್ಕೂ ನಿನ್ನ ಮೈ ವಿಷ ಎಂದು ಹೇಳಿದಂತಾಗುತ್ತಿತ್ತು. ಅಷ್ಟೇ ಅಲ್ಲ, ಡಾಕ್ಟರು ಕೇಳಿದಾಗ ನೀವು ಏನು ಹೇಳಿದಿರಿ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು.

“ಇಲ್ಲ, ದವಾಖಾನ್ಯಾಗಿಂದ ಬಂದದ, ಹೊಲಸಿರ್ತದ ಅಂತ ಅಂದೆ,” ಎಂದು ಒಳಗೆ ಹೋದರು. ರವಿವಾರ ಒಂದು ಮುಗಿಯಲಿ. ಸೋಮವಾರ ವಿನೀತನಿಂದಲೇ ಹೇಳಿಸಿದರಾಯಿತು, ಡಾಕ್ಟರು ಹೇಳಿದರೆ ಅದರ ಮಾತೇ ಬೇರೆ.

ಶನಿವಾರ ಸಂಜೆಯೂ ಚಂದ್ರಿ ನೆಕ್ಕಿತು. ರವಿವಾರ ಹುಬ್ಬಳ್ಳಿಯವರು ಬಂದರು. ಹುಡುಗನ ತಾಯಿ ಅವಲಕ್ಕಿಗೆ ಹಾಕಿದ ಒಗ್ಗರಣೆಯನ್ನು ಹೊಗಳಿದರು, ಮಿಲಿಂದ ಋತುಜಾಳ ಕಾಲೇಜಿನ ಬಗ್ಗೆ ಕೇಳಿದ. ಸುಹಾಸಿನಿಬಾಯಿ ಮಣಿಕಟ್ಟು ದಾಟಿ ಬರುವ ತೋಳಿನ ರವಿಕೆ ತೊಟ್ಟು, ಸೀರೆಯ ಪದರು ಹೊದ್ದು, ಅಡಿಗೆಮನೆಯ ಬಾಗಿಲು ದಾಟದೆ ಎಲ್ಲ ಸುಧಾರಿಸಿದರು. ಎಲ್ಲವೂ ಛಲೋ ಆಯಿತು. ಅವರು ಹೋದ ಮೇಲೆ ತೋಳಿಗೆ ಬೆವರಿನಿಂದ ಉರಿ ಎದ್ದು, ದಿನದಕ್ಕಿಂತ ಹೆಚ್ಚು ಮುಲಾಮು ಹಚ್ಚಿಕೊಂಡರು. ಮಾಸ್ತರರು ಪಡಸಾಲೆಯಿಂದ ಏಳಲಿಲ್ಲ.

ಸೋಮವಾರ ಮುಂಜಾನೆ ಚಂದ್ರಿಗೆ ನಿಲ್ಲಲು ಬರಲಿಲ್ಲ. ಬಕೀಟಿನ ಪಕ್ಕದಲ್ಲೇ ಒರಗಿತ್ತು, ನೀರಿನತ್ತ ಮುಖ ಮಾಡಿ.

“ನಾನೂ ಬರ್ತೇನಿ,” ಎಂದರು ಸುಹಾಸಿನಿಬಾಯಿ. ಚಪ್ಪಲಿ ಮೆಟ್ಟುವಾಗ ಪದರು ಹೊದ್ದುಕೊಳ್ಳುವುದನ್ನೂ ಮರೆತಿದ್ದರು. ಯಜ್ಞೇಶ್ವರರಾಯರು ಆವತ್ತು ನವಲೂರಿನಲ್ಲೂ ಕಾರಿನ ವೇಗ ಇಳಿಸಲಿಲ್ಲ.

ಚೀಟಿ ನೋಡಿದ ವಿನೀತ ಅದನ್ನು ಮೊದಲಿನ ಚೀಟಿಯ ಪಕ್ಕದಲ್ಲಿ ಇಟ್ಟ.

“ಹದಿನೆಂಟು. ಕಿಡ್ನಿನೂ ಹೋಗ್ಯಾವ. ನನಗ ತಿಳೀವಲ್ದು ಸರ್. ಇಲ್ಲಿ ಇದ್ದಾಗ ಇಳೀತು, ಮನಿಗೆ ಹೋದ ಕೂಡಲೆ ಏರ್ತು. ಹಂಗಂದ್ರ ಮನ್ಯಾಗ ಏನೋ ಅದಕ್ಕ ಸಿಗಲಿಕತ್ತದ. ನೀವು ಒಂದ ಸಲ ನೆನಪು ಮಾಡ್ಕೊಂಡು...”

“ಹಚ್ಚಿಕೊಳ್ತಾಳ,” ಎಂದರು ಮಾಸ್ತರರು.

“ಏನ್ರಿ ಸರ್?”

“ಸೋರಿಯಾಸಿಸ್ ಮುಲಾಮು. ಇಕಿ ಹಚ್ಚಿಕೊಳ್ತಾಳ. ಚಂದ್ರಿ ದಿನಾ ನೆಕ್ಕತದ.”

ಹೆಸರು ಹೊರಬಿದ್ದಿತು. ಸುಹಾಸಿನಿಬಾಯಿ ಮೊದಲು ಯಜ್ಞೇಶ್ವರರಾಯರತ್ತ ನೋಡಿದರು, ರೂಢಿ. ಆಮೇಲೆ ತಮ್ಮ ತೋಳು ನೋಡಿಕೊಂಡರು. ಆಮೇಲೆ ವಿನೀತನನ್ನು.

“ಟ್ಯೂಬಿಂದ ಆಗೇದೇನು ಇದು? ನನ್ನ ಟ್ಯೂಬಿಂದ?”

“ನಿಮಗ ಗೊತ್ತಿರಲಿಲ್ಲ, ಕಾಕು...”

“ನನಗ ಗೊತ್ತಿರಲಿಲ್ಲ. ನೀ ಮೊದಲನೇ ದಿನಾ ಕೇಳಿದ್ದಿಯೇನಪಾ ಇದನ್ನ?”

ವಿನೀತ ಸರ್ ಕಡೆ ನೋಡಿದ. ಆ ಹುಡುಗ ಸುಳ್ಳು ಹೇಳಲಾರ, ನಿಜ ಹೇಳಿ ಗುರುವಿನ ಮರ್ಯಾದೆ ಕಳೆಯಲಾರ. ಅದನ್ನು ಕಂಡು ಮಾಸ್ತರರೇ ಹೇಳಿದರು, “ಕೇಳಿದ್ದ. ನಾ ಇಲ್ಲ ಅಂದೆ.”

“ಬ್ಯಾರೆ ಯಾರರೆ ಇದ್ದಿದ್ರ ತಿರುಗಿ ಕೇಳ್ತಿದ್ದೆ, ಸರ್,” ಎಂದ ವಿನೀತ. “ಮನೀಗೆ ಫೋನ್ ಮಾಡಿ ಕೇಳ್ತಿದ್ದೆ. ನೀವು ಅಂದ್ರಿ ಅಂತ ನಾ ಗೆರಿ ಹೊಡದುಬಿಟ್ಟೆ.”

ಯಜ್ಞೇಶ್ವರರಾಯರು ಎದ್ದು ನಿಂತರು. ಏನು ಮಾಡಬೇಕು ತಿಳಿಯದೆ ಕಾರಿನ ಕೀಲಿ ಈ ಕೈಯಿಂದ ಆ ಕೈಗೆ ಹಾಕಿಕೊಂಡರು.

“ಮಾಸ್ತರ, ನನ್ನ ಸಲುವಾಗಿ ಇಲ್ಲ ಅಂದಿರೇನು? ನಾ ಇಲ್ಲಿ ಕೂತಿದ್ದೆ ಅಂತ? ಅಯ್ಯ, ವೈನಿ ಕೈ ಇಡೀ ಓಣಿಗೇ ಗೊತ್ತದರಿ! ಮಿಲಿಂದನ ತಾಯಿಗೂ ನಾ ಮೊದಲನೇ ದಿನಾನ ಹೇಳೇನಿ. ಅವರು ಏನಂದ್ರು ಗೊತ್ತೇನು? ‘ಅದೇನು ಹತ್ತೋ ರೋಗ ಅಲ್ಲಲ್ಲ’ ಅಂದ್ರು. ಮುಗೀತು ಅಷ್ಟ.”

ಒಳಗಿನ ಕೋಣೆಯಿಂದ ಮಾಬೂಬಿ ಇಣುಕಿ, “ಬಾಯಾರ, ಲಗೂ ಬರ್ರಿ,” ಎಂದಳು.

ಚಂದ್ರಿಯನ್ನು ಟೇಬಲ್ಲಿನ ಮೇಲೆ ಮಡಿಚಿದ ಟಾವೆಲ್ಲಿನ ಮೇಲೆ ಮಲಗಿಸಿದ್ದರು. ಮುಂಗಾಲಿಗೆ ಸಲಾಯಿನ್ ಹನಿಯುತ್ತಿತ್ತು. ಸುಹಾಸಿನಿಬಾಯಿ ಬಾಗಿದಾಗ ಅದು ವಾಸನೆ ಹಿಡಿಯಿತು. ಕಣ್ಣು ಅರ್ಧ ತೆರೆದು, ಕತ್ತು ಎತ್ತಲು ನೋಡಿ, ನಾಲಿಗೆ ಚಾಚಿತು. ಸುಹಾಸಿನಿಬಾಯಿ ಬೆಂಕಿ ತಾಗಿದವರಂತೆ ಕೈ ಹಿಂದೆಳೆದುಕೊಂಡರು. ರವಿಕೆಯ ತೋಳನ್ನು ಬೆರಳಿನವರೆಗೂ ಜಗ್ಗಿ ಮುಷ್ಟಿಯಲ್ಲಿ ಹಿಡಿದುಕೊಂಡರು. ಮಂದಿ ತಮ್ಮಿಂದ ಕೈ ಹಿಂದೆಳೆದುಕೊಂಡದ್ದನ್ನು ಎಷ್ಟೋ ಸಲ ಕಂಡವರು, ತಾವು ಹಾಗೆ ಮಾಡಿದ್ದು ಅದೇ ಮೊದಲು. ಚಂದ್ರಿಯ ನಾಲಿಗೆ ಹೊರಗೇ ಇತ್ತು, ಹುಡುಕುತ್ತಿತ್ತು.

ವಿನೀತ ಮೆಲ್ಲಗೆ ಹೇಳಿದ, “ಕೊಡ್ರಿ ಕಾಕು. ಈಗ ನೆಕ್ಕಿದ್ರೂ ನಡೀತದ.”

ಆ ಮಾತಿನ ಅರ್ಥ ಒಂದು ಕ್ಷಣ ತಡವಾಗಿ ಅವರಿಗೆ ಮುಟ್ಟಿತು. ತೋಳು ಮೇಲೇರಿಸಿ, ಮೊಳಕೈಯನ್ನು ಟಾವೆಲ್ಲಿನ ಮೇಲೆ ಇಟ್ಟರು. ಚಂದ್ರಿ ಎರಡು ಸಲ ನೆಕ್ಕಿತು. ಮೂರನೆಯದಕ್ಕೆ ಅದರ ತಲೆ ಅಲ್ಲೇ ತೋಳಿನ ಮೇಲೆ ಇಳಿಯಿತು. ಆಮೇಲೆ ಕಾಲು ತಾಸು ಉಸಿರಾಡಿತು, ಆಮೇಲೆ ಇಲ್ಲ. ಮಾಸ್ತರರು ಅಷ್ಟು ಹೊತ್ತೂ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು.

ಮಧ್ಯಾಹ್ನ ಹಿತ್ತಲಲ್ಲಿ ಅವರೇ ಗುಂಡಿ ತೋಡಿದರು. ಯಜ್ಞೇಶ್ವರರಾಯರು ಸಲಿಕೆ ತರುತ್ತೇನೆ, ಆಳು ಕರೆಯುತ್ತೇನೆ ಎಂದರೂ ಕೇಳಲಿಲ್ಲ. ರೂಢಿಯಿಲ್ಲದ ಅಂಗೈಯಲ್ಲಿ ಬೊಬ್ಬೆ ಎದ್ದವು. ಕಾಲೇಜಿನಿಂದ ಓಡಿ ಬಂದ ಋತುಜಾ ಬುಟ್ಟಿಯೊಳಗೆ ನೋಡಿ ಅತ್ತಳು, ಏನಾಯಿತೆಂದು ಕೇಳಿದಳು. “ಕ್ಯಾಲ್ಸಿಯಂ ಏರಿತ್ತು,” ಎಂದಷ್ಟೇ ಹೇಳಿದರು ಸುಹಾಸಿನಿಬಾಯಿ. ಮಾಸ್ತರರು ಸಲಿಕೆ ಬಿಟ್ಟು ಮಗಳ ಹತ್ತಿರ ಬಂದು, ತಾವು ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಯಾವುದನ್ನೂ ಬಿಡಲಿಲ್ಲ. ಋತುಜಾ ಅಪ್ಪನನ್ನು ನೋಡಿದ ನೋಟ ಅವರಿಗೆ ಹೊಸದಾಗಿತ್ತು.

ಸಂಜೆ ಆಯಿತು. ದೀಪ ಹಚ್ಚಿ ಬಂದು ಸುಹಾಸಿನಿಬಾಯಿ ಹಿತ್ತಲ ಮೆಟ್ಟಿಲ ಮೇಲೆ ಕೂತರು. ತೋಳು ಏರಿಸಿದರು. ಟ್ಯೂಬನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅದರ ಮೇಲಿನ ಸಣ್ಣಕ್ಷರ ಓದಲು ನೋಡಿದರು. ಚಾಳೀಸಿನ ಕನ್ನಡಕ ಒಳಗಿತ್ತು.

ಮಾಸ್ತರರು ಬಾಗಿಲಿಗೆ ಬಂದರು. ಆವತ್ತು ತಿರುಗಿ ಹೋಗಲಿಲ್ಲ. ಹೊಸ್ತಿಲು ದಾಟಿ, ಒಂದು ಮೆಟ್ಟಿಲು ಇಳಿದು, ಕೈ ಚಾಚಿದರು.

“ಕೊಡಿಲ್ಲೆ. ನಾ ಹಚ್ಚತೇನಿ.”

ಸುಹಾಸಿನಿಬಾಯಿ ಆ ಕೈಯನ್ನು ನೋಡಿದರು. ಮಣ್ಣು, ಒಡೆದ ಬೊಬ್ಬೆ. ನಂತರ ಮುಖ ನೋಡಿದರು. ಅವರ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ಮಾಸ್ತರರಿಗೆ ಹಗುರವಾಗುತ್ತಿತ್ತೇನೋ.

“ಬ್ಯಾಡ್ರಿ,” ಎಂದರು, ಅಡಿಗೆ ಆಯಿತೇ ಎಂದು ಕೇಳಿದವರಿಗೆ ಹೇಳುವಷ್ಟು ಸಾದಾ ದನಿಯಲ್ಲಿ. “ಆಮ್ಯಾಲ ಮತ್ತ ನೀವು ಕೈ ತೊಳಕೋಬೇಕಾಗ್ತದ.”

ಮುಚ್ಚಳ ತೆಗೆದು, ಬಟಾಣಿಯಷ್ಟು ಮುಲಾಮು ಬೆರಳಿಗೆ ಹಿಂಡಿಕೊಂಡು, ತಾವೇ ಸವರಿಕೊಳ್ಳತೊಡಗಿದರು. ಮಾಸ್ತರರು ಕೈ ಹಾಗೇ ಚಾಚಿಕೊಂಡು ನಿಂತಿದ್ದರು. ಇಳಿಸಬೇಕೆಂದು ಅವರಿಗೆ ತಿಳಿಯಲೇ ಇಲ್ಲ.